ಮೇಲಿನ ನೀರು

ಭೇರ್ಯದಿಂದ ಸ್ವಲ್ಪ ಮುಂದೆ, ಹೆದ್ದಾರಿಗೆ ಅಂಟಿಕೊಂಡಿರುವ ನಮ್ಮ ಮರಡಿಕೊಪ್ಪಲಿನಲ್ಲಿ ಇಬ್ಬರ ಮಾತಿಗೆ ಬೆಲೆ ಇತ್ತು. ಒಬ್ಬ ಪೆಟ್ರೋಲ್ ಬಂಕಿನ ಸೋಮಶೇಖರ್. ಅವನ ಮಾತಿಗೆ ಬೆಲೆ ಬಂದದ್ದು ಬಂಕಿನಿಂದ. ಇನ್ನೊಬ್ಬರು ಗುರುಶಾಂತಮ್ಮ. ಅವರ ಮಾತಿಗೆ ಬೆಲೆ ಬಂದದ್ದು ಬಾವಿಯಿಂದ. ಬಂಕು ರಸ್ತೆಯ ಆಚೆ, ದಿಬ್ಬದ ಮೇಲೆ. ಬಾವಿ ರಸ್ತೆಯ ಈಚೆ, ತಗ್ಗಿನಲ್ಲಿ. ಇಳಿಜಾರಿನ ವಿಷಯದಲ್ಲಿ ನೀರಿಗೂ ಡೀಸೆಲ್ಲಿಗೂ ಭಿನ್ನಾಭಿಪ್ರಾಯವಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಊರಿಗೆ ಒಂದು ವರ್ಷ ಹಿಡಿಯಿತು.

ಬಾವಿ ಗುರುಶಾಂತಮ್ಮನವರ ಮಾವ ತೋಡಿಸಿದ್ದು. ಸುತ್ತಲಿನ ಬೋರ್‌ವೆಲ್‌ಗಳ ನೀರಿನಲ್ಲಿ ತೊಗರಿಬೇಳೆ ಬೆಳಗ್ಗೆ ಇಟ್ಟರೆ ಮಧ್ಯಾಹ್ನಕ್ಕೂ ಕಲ್ಲು. ಈ ಬಾವಿಯ ನೀರಿನಲ್ಲಿ ಬೇಳೆ ಹೇಳಿದ ಮಾತು ಕೇಳುತ್ತಿತ್ತು. ಹಾಗಾಗಿ ಪಂಚಾಯಿತಿಯ ನಲ್ಲಿ ನೀರು ಎಮ್ಮೆ ತೊಳೆಯುವುದಕ್ಕೆ, ಬಾವಿಯ ನೀರು ಮನುಷ್ಯರಿಗೆ ಮತ್ತು ದೇವರಿಗೆ ಎಂದು ಬೀದಿಯೇ ತೀರ್ಮಾನಿಸಿಕೊಂಡಿತ್ತು. ಗಂಡ ತೀರಿಕೊಂಡ ಮೇಲೂ ಗುರುಶಾಂತಮ್ಮ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಯಾರು ಯಾವಾಗ ಬೇಕಾದರೂ ಬಂದು ಸೇದಿಕೊಂಡು ಹೋಗಬಹುದಿತ್ತು. ಆ ಮನೆಯಲ್ಲಿ ಅನ್ನ ಇಲ್ಲ ಎಂದು ಹೇಳಿದ ದಿನಗಳು ಇದ್ದಿರಬಹುದು. ನೀರು ಇಲ್ಲ ಎಂದು ಹೇಳಿದ ದಿನ ಇರಲಿಲ್ಲ.

ಹೋದ ವರ್ಷ ನಾಲೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ನಾಟಿ ಶುರುವಾದಾಗ, ಎಂದಿನಂತೆ ಬಾವಿಯ ನೀರೂ ಮೇಲಕ್ಕೆ ಬಂತು. ಈ ಸಲ ಅದರ ಮೇಲೆ ಬಣ್ಣ ಬಣ್ಣದ ಒಂದು ಪದರ ಕೂತಿತ್ತು. ಬಗ್ಗಿ ನೋಡಿದರೆ ಲಾರಿ ಗ್ಯಾರೇಜಿನ ವಾಸನೆ. ಗುರುಶಾಂತಮ್ಮ ಮೊದಲು ಬೀದಿಯಲ್ಲಿ ಹೇಳಿದರು, ಆಮೇಲೆ ರಸ್ತೆ ದಾಟಿ ಬಂಕಿಗೇ ಹೋಗಿ ಹೇಳಿದರು. ಸೋಮಶೇಖರ್ ವರಸೆಯಲ್ಲಿ ಅವರಿಗೆ ಮಗ ಆಗಬೇಕು. ದೊಡ್ಡವ್ವ ಎಂದು ಕರೆದು, ಕುರ್ಚಿ ಹಾಕಿ, ಫ್ಯಾನು ಅವರ ಕಡೆ ತಿರುಗಿಸಿ, ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡ. ಅವರು ಇತ್ತ ರಸ್ತೆ ದಾಟುವಷ್ಟರಲ್ಲಿ ಅತ್ತ ಬಂಕಿನ ಪಕ್ಕದ ಟೀ ಅಂಗಡಿಯಲ್ಲಿ, ದೊಡ್ಡವ್ವನೇ ಒಂದು ಕ್ಯಾನು ಡೀಸೆಲ್ ತಂದು ಬಾವಿಗೆ ಸುರಿದುಕೊಂಡಿದ್ದಾಳೆ, ಕಂಪನಿಯಿಂದ ಪರಿಹಾರ ಕೀಳುವುದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ ಎಂದ.

ಊರು ನಂಬಿತು. ನಂಬಲು ಕಾರಣಗಳಿದ್ದವು. ಬಸ್ ಸ್ಟಾಪಿನ ತಂಗುದಾಣದ ಮೇಲೆ ಸೋಮಶೇಖರನ ತಂದೆಯ ಹೆಸರಿತ್ತು. ಶಿವರಾತ್ರಿಯ ಪಾನಕ ಅವನದು. ಕಟಾವಿನ ಕಾಲದಲ್ಲಿ ನಮ್ಮೂರಿನ ಟ್ರ್ಯಾಕ್ಟರು ಬಂದರೆ ಹೈವೇ ಲಾರಿಗಳನ್ನು ನಿಲ್ಲಿಸಿ ಮೊದಲು ನಮ್ಮವರಿಗೆ ಹಾಕಿಸುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಕಾರಣ, ಗಂಡಸರು ಆ ನೀರನ್ನು ದಿನಾ ಕುಡಿಯುತ್ತಿದ್ದರು ಮತ್ತು ಅವರಿಗೆ ಯಾವ ವಾಸನೆಯೂ ಬಂದಿರಲಿಲ್ಲ.

ಗುರುಶಾಂತಮ್ಮನವರ ಮೈದುನ ನಂಜಣ್ಣ ಪಕ್ಕದ ಮನೆಯವನು, ಒಂದು ಅವಧಿಗೆ ಪಂಚಾಯಿತಿ ಮೆಂಬರ್ ಆಗಿದ್ದವನು, ಆ ಅವಧಿ ಮುಗಿದದ್ದು ಅವನಿಗಿನ್ನೂ ಮನಸ್ಸಿಗೆ ಬಂದಿರಲಿಲ್ಲ. ಜಗಲಿಯ ಮೇಲೆ ಕೂತು, ಅದೇ ಬಾವಿಯ ನೀರಿನ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡು, ಡೀಸೆಲ್ ಇದ್ದಿದ್ದರೆ ನಾಲಿಗೆಗೆ ತಿಳಿಯುತ್ತಿರಲಿಲ್ಲವೇ ಎಂದು ದಾರಿಹೋಕರನ್ನೆಲ್ಲ ಕೇಳುತ್ತಿದ್ದ. ಅತ್ತಿಗೆಗೆ ಒಂಟಿತನಕ್ಕೆ ಹೀಗಾಗಿದೆ ಎಂಬುದು ಅವನ ನಿರ್ಣಯ. ನಮ್ಮ ಕಡೆ ಒಂಟಿ ಹೆಂಗಸು ನಿಜ ಹೇಳಿದರೆ ಮೊದಲು ವಿಚಾರಿಸುವುದು ಅವಳ ತಲೆಯನ್ನು.

ಗುರುಶಾಂತಮ್ಮ ಬಿಡಲಿಲ್ಲ. ಕೆ.ಆರ್.ನಗರದ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ನನ್ನ ಮಾತು ಸುಳ್ಳಾದರೆ ಊರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದು ಟೀ ಅಂಗಡಿಯ ಎದುರಿಗೇ ನಿಂತು ಹೇಳಿದರು. ಕೊನೆಗೆ ಎಣ್ಣೆ ಕಂಪನಿಯವರು ತಮ್ಮ ಖರ್ಚಿನಲ್ಲಿ, ತಾವೇ ಗೊತ್ತುಮಾಡಿದ ಒಂದು ಖಾಸಗಿ ಲ್ಯಾಬಿನಿಂದ ತೇಜಸ್ ಎಂಬ ಯುವಕನನ್ನು ಕಳಿಸಿದರು. ಕಳ್ಳನ ಖರ್ಚಿನಲ್ಲಿ ಪಂಚಾಯಿತಿ ಸೇರಿಸಿದಂತಾಯಿತು ಎಂದು ಯಾರಿಗೂ ಅನ್ನಿಸಲಿಲ್ಲ. ಕಂಪನಿ ಎಷ್ಟು ದೊಡ್ಡದು, ಎಷ್ಟು ಬೇಗ ಸ್ಪಂದಿಸಿತು ಎಂದು ನಂಜಣ್ಣ ಸಂತೋಷಪಟ್ಟ.

ಅವತ್ತು ಗುರುಶಾಂತಮ್ಮನವರ ಹಿತ್ತಿಲನ್ನು ನೋಡಬೇಕಿತ್ತು. ಸಗಣಿ ಸಾರಿಸಿ, ರಂಗೋಲಿ ಬಿಟ್ಟು, ಬಾವಿಯ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ, ಹಿತ್ತಾಳೆ ಬಿಂದಿಗೆಯನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿ ಕನ್ನಡಿ ಮಾಡಿದ್ದರು. ತೇಜಸ್‌ಗೆ ಉಪ್ಪಿಟ್ಟು, ಕಾಫಿ. ಬೀದಿಯೆಲ್ಲ ಬಂದು ನಿಂತಿತ್ತು. ಸೋಮಶೇಖರ್ ಬಿಳಿ ಅಂಗಿ ಹಾಕಿಕೊಂಡು ನುಗ್ಗೆಮರದ ನೆರಳಿನಲ್ಲಿ ಕೈಕಟ್ಟಿ ನಿಂತಿದ್ದ.

ತೇಜಸ್ ತಾನು ತಂದ ಬಾಟಲಿಗೆ ದಾರ ಕಟ್ಟಿ ಇಳಿಬಿಟ್ಟ. ಬಾಟಲಿ ತೇಲಿತು. ಎತ್ತಿ ಮತ್ತೆ ಬಿಟ್ಟ, ಮತ್ತೆ ತೇಲಿತು. ಕಟ್ಟೆ ಪಾಚಿ ಹಿಡಿದು ಜಾರುತ್ತಿತ್ತು, ಅವನಿಗೆ ಈಜು ಬರುತ್ತಿರಲಿಲ್ಲ. ಅಮ್ಮ, ನೀವೇ ಒಂದು ಬಿಂದಿಗೆ ಸೇದಿಕೊಡಿ ಎಂದ.

ಗುರುಶಾಂತಮ್ಮ ಸೆರಗು ಸಿಕ್ಕಿಸಿ ಹಗ್ಗ ಹಿಡಿದರು. ಬಿಂದಿಗೆ ನೀರು ಮುಟ್ಟುತ್ತಲೇ ಹಗ್ಗವನ್ನು ಎಡಕ್ಕೂ ಬಲಕ್ಕೂ ಆಡಿಸಿ, ಬಿಂದಿಗೆಯ ತಳದಿಂದ ಪಟಪಟನೆ ಬಡಿದು ಮೇಲಿನ ನೀರನ್ನು ಚದುರಿಸಿದರು. ತಿಳಿಯಾದ ಜಾಗದಲ್ಲಿ ಒಂದು ಎಳೆತಕ್ಕೆ ಬಿಂದಿಗೆಯನ್ನು ಪೂರ್ತಿ ಮುಳುಗಿಸಿ ಸೇದಿದರು. ಮೇಲೆ ಬಂದ ಮೇಲೆ ಬಿಂದಿಗೆಯನ್ನು ಓರೆ ಮಾಡಿ ಕಂಠದ ನೀರನ್ನು ಚೆಲ್ಲಿದರು. ಮಡಿ ಬಟ್ಟೆಯಲ್ಲಿ ಸೋಸಿದರು. ತೇಜಸ್‌ನ ಬಾಟಲಿಯನ್ನು ಇಸಿದುಕೊಂಡು ಗಲಬರಿಸಿ, ತುಂಬಿ, ಎಡಗೈಯನ್ನು ಬಲಗೈಗೆ ಆನಿಸಿ ಅವನಿಗೆ ಕೊಟ್ಟರು. ಮನೆಗೆ ಬಂದವರಿಗೆ ನೀರು ಕೊಡುವುದು ಹೀಗೆ. ಅವರ ಅತ್ತೆ ಕಲಿಸಿದ್ದೂ ಹೀಗೇ.

ತೇಜಸ್ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ಚೆನ್ನಾಗಿದೆ ಎಂದ. ನಾವೆಲ್ಲ ಅಲ್ಲೇ ನಿಂತು ನೋಡುತ್ತಿದ್ದೆವು. ಯಾರಿಗೂ ಏನೂ ಕಾಣಲಿಲ್ಲ.

ವರದಿ ಬಂತು: ನೀರು ಕುಡಿಯಲು ಯೋಗ್ಯ. ಸೋಮಶೇಖರ್ ಅದನ್ನು ಟೀ ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದ. ದೊಡ್ಡವ್ವನನ್ನು ಬೈಯಲಿಲ್ಲ, ಕ್ಷಮಿಸಿಬಿಟ್ಟ. ವಯಸ್ಸಾದವರು, ನಾವೇ ಅನುಸರಿಸಿಕೊಂಡು ಹೋಗಬೇಕು ಎಂದ. ಬೈದಿದ್ದರೆ ಗುರುಶಾಂತಮ್ಮ ತಿರುಗಿ ಬೈಯಬಹುದಿತ್ತು. ಕ್ಷಮೆಗೆ ಉತ್ತರ ಕೊಡುವುದು ಹೇಗೆ? ಟೀ ಅಂಗಡಿಯ ಹುಡುಗರು ಅವರಿಗೆ ಡೀಸೆಲ್ ಶಾಂತವ್ವ ಎಂದು ಹೆಸರಿಟ್ಟರು. ಅವರು ಬಸ್ಸಿಗೆ ಕಾಯುತ್ತ ನಿಂತರೆ, ಬಸ್ಸಿಗೆ ಎಣ್ಣೆ ಕಮ್ಮಿಯಾದರೆ ಭಯವಿಲ್ಲ ಕಣ್ಲಾ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು.

ಗುರುಶಾಂತಮ್ಮ ಮನೆಯಿಂದ ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಮೂಗು ಸುಳ್ಳು ಹೇಳುತ್ತಿದೆಯೋ, ನಿಜವಾಗಿ ತಲೆಯೇ ಕೆಟ್ಟಿದೆಯೋ ಎಂದು ತಮ್ಮನ್ನೇ ಕೇಳಿಕೊಳ್ಳುವ ಮಟ್ಟಕ್ಕೆ ಬಂದರು. ಒಂದು ಬೆಳಗ್ಗೆ ಎಂದಿನಂತೆ ಬಿಂದಿಗೆ ಇಳಿಬಿಟ್ಟರು. ಪಟಪಟ. ಅವರ ಕೈ ತಾನಾಗಿಯೇ ಮೇಲಿನ ನೀರನ್ನು ಬಡಿಯುತ್ತಿತ್ತು. ಆ ಸದ್ದಿಗೆ ಅವರ ಕೈ ಅಲ್ಲೇ ನಿಂತಿತು.

ಬಿಂದಿಗೆಯನ್ನು ಹಾಗೇ ಬಿಟ್ಟು ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ನಂಜಣ್ಣನ ಹೆಂಡತಿ ಮಂಗಳಮ್ಮ ಬಂದು ಸೇದಿದಳು. ಪಟಪಟ, ಮುಳುಗಿಸಿ, ಕಂಠ ಚೆಲ್ಲಿ. ಆಮೇಲೆ ಅದೇ ಬೀದಿಯ ಕಂಠಪ್ಪನ ಸೊಸೆ ರಮ್ಯ ಬಂದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆದರೂ ಅದೇ ಬಡಿತ, ಅದೇ ಓರೆ. ಬೀದಿಯ ಒಬ್ಬೊಬ್ಬ ಹೆಂಗಸೂ ದಿನಾ ಬೆಳಗ್ಗೆ ಡೀಸೆಲ್ಲನ್ನು ಪಕ್ಕಕ್ಕೆ ಸರಿಸಿ, ಉಳಿದದ್ದನ್ನು ಚೆಲ್ಲಿ, ಮತ್ತೂ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಮನೆಯ ಗಂಡಸಿಗೆ ಕಾಫಿ ಕಾಯಿಸಿ ಕೊಡುತ್ತಿದ್ದಳು. ಅವನು ಅದನ್ನು ಕುಡಿದು, ನೀರು ಚೆನ್ನಾಗಿದೆ, ಗುರುಶಾಂತಮ್ಮ ಸುಳ್ಳಿ ಎಂದು ಹೇಳಲು ಜಗಲಿಗೆ ಬರುತ್ತಿದ್ದ.

ಗುರುಶಾಂತಮ್ಮ ನೇರ ಬಂಕಿಗೆ ಹೋದರು. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ.

"ಸೋಮ, ಅವತ್ತು ನಾನು ಕೊಟ್ಟಿದ್ದು ಮೇಲಿನ್ ನೀರಲ್ಲ ಕಣ್ಲಾ. ಚದುರ್ಸಿ ಅಡಿ ನೀರ್ ಕೊಟ್ಬುಟ್ಟೆ. ಆ ಹುಡುಗನ್ನ ಇನ್ನೊಂದ್ ಸಲಿ ಕರ್ಸು."

ಸೋಮಶೇಖರ್ ಸುತ್ತ ನೋಡಿದ. ಟೀ ಅಂಗಡಿಯಲ್ಲಿ ನಾಲ್ಕಾರು ಜನ ಇದ್ದಾರೆಂದು ಖಾತ್ರಿ ಮಾಡಿಕೊಂಡು ಧ್ವನಿ ಏರಿಸಿದ. "ಅಂದ್ರೆ ಪರೀಕ್ಷೆ ನೀರಿಗೇ ಕೈಯಾಡ್ಸಿದೀನಿ ಅಂತ ನೀನೇ ಒಪ್ಕೊತಾ ಇದೀಯ. ಮೊದ್ಲು ಡೀಸೆಲ್ ಉಯ್ದೆ, ಈಗ ಬಳ್ದೆ ಅಂತೀಯ. ಯಾವ್ದಾರ ಒಂದು ಯೋಳು ದೊಡ್ಡವ್ವ."

ಟೀ ಅಂಗಡಿ ನಕ್ಕಿತು.

"ನಿನ್ ಟ್ಯಾಂಕಲ್ಲಿ ದಿನಾ ಎಷ್ಟ್ ಕಮ್ಮಿ ಆಯ್ತಾ ಅದೆ ಅಂತ ಕಡ್ಡಿ ಬುಟ್ಟು ನೋಡಕಿಲ್ವ ನೀನು?"

"ಬಿಸ್ಲಿಗೆ ಆವಿ ಆಯ್ತದೆ ಕಣವ್ವ. ಎಲ್ಲಾ ಬಂಕಲ್ಲೂ ಆಯ್ತದೆ."

"ಆವಿ ಮ್ಯಾಲಕ್ಕೆ ಓಯ್ತದೆ ಕಣ್ಲಾ," ಎಂದರು ಗುರುಶಾಂತಮ್ಮ. "ನನ್ ಬಾವಿ ಕೆಳಗದೆ."

ಈ ಸಲ ಯಾರೂ ನಗಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ. ಟೀ ಅಂಗಡಿಯಲ್ಲಿ ಎಲ್ಲರೂ ಲೋಟದ ತಳ ನೋಡುತ್ತ ಕೂತರು. ಸೋಮಶೇಖರ್, ಕರೆದಾಗಲೆಲ್ಲ ಬರುವುದಕ್ಕೆ ಲ್ಯಾಬಿನವರೇನು ಬಳೆಗಾರರೇ ಎಂದು ಕೇಳಿ ಫೋನು ಕಿವಿಗಿಟ್ಟುಕೊಂಡ. ಆ ಫೋನಿನ ಆಚೆ ಯಾರೂ ಇರಲಿಲ್ಲ ಎಂಬುದು ಆಮೇಲೆ ಅದು ಕಿವಿಯ ಹತ್ತಿರವೇ ರಿಂಗಾದಾಗ ಗೊತ್ತಾಯಿತು.

ಅವತ್ತು ಸಂಜೆ ಗುರುಶಾಂತಮ್ಮ ಹೆಂಗಸರನ್ನು ಬಾವಿಯ ಹತ್ತಿರ ಕೂರಿಸಿಕೊಂಡು ಒಂದೇ ಮಾತು ಕೇಳಿದರು. ನಾಳೆ ಬೆಳಗ್ಗೆ ಯಾರೂ ನೀರು ಚದುರಿಸಬೇಡಿ, ಕಂಠ ಚೆಲ್ಲಬೇಡಿ, ಸೋಸಬೇಡಿ. ಮಕ್ಕಳ ಪಾಲಿನದನ್ನು ಇವತ್ತೇ ಬೇರೆ ಸೇದಿಡಿ. ದೊಡ್ಡವರ ಪಾಲಿನದು ಹೇಗೆ ಬರುತ್ತದೋ ಹಾಗೆ ಹೋಗಲಿ.

ಮಂಗಳಮ್ಮ ಸೆರಗಿನ ಅಂಚು ಸುತ್ತುತ್ತ ಕೂತಳು. "ಮನೇವ್ರಿಗೆ ಅಂಥಾ ನೀರ್ನ ಎಂಗಕ್ಕ ಕೊಡದು? ಪಾಪ ಅಲ್ವಾ?"

"ಒಳ್ಳೇದ್ ಕೊಟ್ಟಿದ್ಕೇ ನಾನು ಸುಳ್ಳಿ ಆದ್ದು. ಅವರ್ ಲೋಟದ್ ತನಕ ಓಗ್ದೆ ಇರದು ಈ ಊರಲ್ಲಿ ಯಾವ್ದೂ ನಿಜ ಅಲ್ಲ ಕಣ್ ಮಂಗ್ಳ."

ಮಂಗಳಮ್ಮ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಮಾರನೆಯ ಬೆಳಗ್ಗೆ ಬಾವಿಯಲ್ಲಿ ಬಡಿತದ ಸದ್ದು ಕೇಳಲಿಲ್ಲ.

ಮೊದಲು ಎದ್ದದ್ದು ಕಂಠಪ್ಪನ ದನಿ. ಮಿಂದು ಮಡಿಯುಟ್ಟು ಲಿಂಗಪೂಜೆಗೆ ಕೂತಿದ್ದ. ಅಂಗೈಯ ಲಿಂಗಕ್ಕೆ ನೀರು ಹನಿಸಿದರೆ ಬಣ್ಣ ಬಣ್ಣದ ಪದರ ಲಿಂಗದ ಮೇಲೆ ಹರಡಿ, ಬೆರಳ ಸಂದಿನಿಂದ ತೊಡೆಯ ಮೇಲಕ್ಕೆ ಇಳಿಯಿತು. ದೀಪ ಹತ್ತಿರವೇ ಇತ್ತು. ಕಂಠಪ್ಪ ಒಂದು ಕೈಯಲ್ಲಿ ಲಿಂಗ, ಒಂದು ಕೈಯಲ್ಲಿ ದೀಪ ಹಿಡಿದು ಅವೆರಡನ್ನೂ ಆದಷ್ಟು ದೂರ ಇಟ್ಟುಕೊಂಡು ಬೀದಿಗೆ ಬಂದ. ಅಷ್ಟರಲ್ಲಿ ನಂಜಣ್ಣ ಕಾಫಿಯ ಮೊದಲ ಗುಟುಕನ್ನು ಜಗಲಿಯಿಂದ ರಸ್ತೆಯ ಅರ್ಧದವರೆಗೆ ಉಗಿದಿದ್ದ. ಒಬ್ಬೊಬ್ಬರಾಗಿ ಲೋಟ, ಚೊಂಬು, ಬಕೆಟ್ಟು ಹಿಡಿದುಕೊಂಡು ಹೊರಗೆ ಬಂದರು. ಒಬ್ಬನಂತೂ ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ನಿಂತಿದ್ದ, ತೊಳೆಯಲು ಧೈರ್ಯವಿಲ್ಲ.

ನಂಜಣ್ಣ ಅತ್ತಿಗೆಯ ಬಾಗಿಲಿಗೆ ಬಂದ. "ಏನತ್ತಿಗೆ, ಬಾವಿಗೆ ಏನಾಗದೆ ಇವತ್ತು?"

ಗುರುಶಾಂತಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬಾವಿಗೆ ಒಂದ್ ವರ್ಷದಿಂದ ಆಗದೆ ನಂಜಣ್ಣ. ಇವತ್ತಾಗಿರದು ನಿಮ್ಗೆ."

ವರ್ಷವಿಡೀ ಒಂದು ಹೆಂಗಸಿನ ಮಾತಿಗೆ ಅಲುಗಾಡದಿದ್ದ ಊರು ಒಂದು ಲೋಟ ಕಾಫಿಗೆ ಎದ್ದು ನಿಂತಿತು. ಗಂಡಸರು ರಸ್ತೆ ದಾಟಿ ಬಂಕಿನ ಮುಂದೆ ಅಡ್ಡಲಾಗಿ ಕೂತರು. ಕಂಠಪ್ಪ ಮುಂದಿನ ಸಾಲಿನಲ್ಲಿ. ಲಿಂಗಕ್ಕೆ ಅಪಚಾರವಾಗಿದೆ ಎಂದು ಅವನು, ಆರೋಗ್ಯಕ್ಕೆ ಅಪಾಯವಾಗಿದೆ ಎಂದು ನಂಜಣ್ಣ. ಈ ವಿಷಯವನ್ನು ಮೊದಲಿನಿಂದ ಹೇಳುತ್ತಲೇ ಬಂದಿದ್ದೇವೆ ಎಂದು ಇಬ್ಬರೂ. ಹೈವೇಯಲ್ಲಿ ಲಾರಿಗಳ ಸಾಲು ಬೆಳೆಯಿತು. ಸೋಮಶೇಖರ್ ಶಟರ್ ಎಳೆದುಕೊಂಡು ಒಳಗೆ ಕೂತ.

ಕಂಪನಿಯವರು ಈ ಸಲ ಬೇರೆ ಕಡೆಯಿಂದ ಒಬ್ಬ ಭೂವಿಜ್ಞಾನಿಯನ್ನು ಕಳಿಸಬೇಕಾಯಿತು. ಆಶಾರಾಣಿ ಎಂದು ಹೆಸರು. ನಲವತ್ತು ದಾಟಿರಬಹುದು, ಮೊಣಕಾಲವರೆಗಿನ ಬೂಟು, ಮಾತು ಕಡಿಮೆ. ಬಂದವಳೇ ಬಂಕಿನಿಂದ ಬಾವಿಯ ಕಡೆಗೆ ದಾರಿಯುದ್ದಕ್ಕೂ ಅಲ್ಲಲ್ಲಿ ಗೂಟ ಹೊಡೆಸಿ, ಯಂತ್ರದಿಂದ ಕೊರೆಸಿದಳು. ಕೊಳವೆಯೊಳಗಿಂದ ಹಿಟ್ಟಿನ ಉರುಳೆಯಂತೆ ಮಣ್ಣು ಬರುತ್ತಿತ್ತು. ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಉದ್ದಕ್ಕೆ ಮಲಗಿಸಿದಳು. ಮೇಲಿನ ಮಣ್ಣು ಕೆಂಪು. ಕೆಳಕ್ಕೆ ಹೋದಂತೆ ಬೂದು, ಇನ್ನೂ ಕೆಳಗೆ ಕಪ್ಪು, ಬೆರಳಿಟ್ಟರೆ ಜಿಡ್ಡು. ವಾಸನೆ ನೋಡಲು ಬಗ್ಗಬೇಕಾಗಿರಲಿಲ್ಲ. ಬಂಕಿನ ಅಂಗಳದಿಂದ ಹಿತ್ತಿಲ ಬೇಲಿಯವರೆಗೆ ಪ್ರತಿ ಗುಂಡಿಯಲ್ಲೂ ಅದೇ ಕಪ್ಪು. ಬಂಕಿನಿಂದಾಚೆ, ದಿಬ್ಬದ ಇನ್ನೂ ಮೇಲೆ ಕೊರೆಸಿದ ಗುಂಡಿಯಲ್ಲಿ ಮಾತ್ರ ಮಣ್ಣು ಮಣ್ಣಿನ ಹಾಗಿತ್ತು.

ಬಾವಿಗೆ ಬಂದಾಗ ಹಿತ್ತಿಲಲ್ಲಿ ರಂಗೋಲಿ ಇರಲಿಲ್ಲ, ಉಪ್ಪಿಟ್ಟೂ ಇರಲಿಲ್ಲ. ಗುರುಶಾಂತಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ದೂರ ನಿಂತಿದ್ದರು. ಆಶಾರಾಣಿ ಗಾಜಿನಂಥ ಒಂದು ಕೊಳವೆಯನ್ನು ಅಲುಗದಂತೆ ಇಳಿಸಿ, ಅಷ್ಟೇ ನಿಧಾನಕ್ಕೆ ಮೇಲೆತ್ತಿದಳು. ಕೆಳಗೆ ನೀರು. ಅದರ ಮೇಲೆ ಬೆರಳು ದಪ್ಪದ ಹಳದಿ ಡೀಸೆಲ್ಲು, ಗೆರೆ ಎಳೆದ ಹಾಗೆ ಬೇರೆಯಾಗಿ ನಿಂತಿತ್ತು. ನಾಲೆಯ ನೀರು ಭೂಮಿಗೆ ಇಳಿದು ಬಾವಿ ಏರಿದಾಗಲೆಲ್ಲ, ಮಣ್ಣಿನಲ್ಲಿ ಅವಿತಿದ್ದ ಎಣ್ಣೆಯೂ ಅದರ ಬೆನ್ನೇರಿ ಮೇಲೆ ಬರುತ್ತದೆ ಎಂದು ವಿವರಿಸಿದಳು. ಮೊದಲ ಸಲ ಇದು ಹೇಗೆ ತಪ್ಪಿತು ಎಂದು ನೆರೆದವರಲ್ಲಿ ಯಾರೋ ಕೇಳಿದರು.

ಗುರುಶಾಂತಮ್ಮ ಹೇಳಿದರು. ಚದುರಿಸಿದ್ದು, ಮುಳುಗಿಸಿದ್ದು, ಚೆಲ್ಲಿದ್ದು, ಸೋಸಿದ್ದು, ಬಾಟಲಿ ಗಲಬರಿಸಿದ್ದು. ಹೇಳುವಾಗ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು. "ನನ್ ಕೈಯಾರ ನಾನೇ ಸುಳ್ಳಿ ಆದೆ ಕಣವ್ವ."

ಆಶಾರಾಣಿ ಕೊಳವೆಯ ಬಾಯಿಗೆ ಮುಚ್ಚಳ ಹಾಕಿದಳು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ ಹೇಳಿದಳು. "ಅದರಿಂದಲ್ಲ ಅಮ್ಮ. ಡೀಸೆಲ್ ಸ್ವಲ್ಪ ನೀರಲ್ಲೂ ಕರಗಿರುತ್ತೆ, ಅಡಿ ನೀರಲ್ಲೂ ಸಿಗುತ್ತೆ. ಆ ವರದಿ ನಾನು ನೋಡಿದೀನಿ. ಅವರು ನೋಡಿರೋದು ಉಪ್ಪು, ಗಡಸು, ಫ್ಲೋರೈಡು. ಡೀಸೆಲ್ ಇದೆಯಾ ಅಂತ ನೋಡೋಕೆ ಕಂಪನಿ ಹೇಳೇ ಇರಲಿಲ್ಲ."

ನುಗ್ಗೆಮರದ ಕೆಳಗಿದ್ದ ನಾವೆಲ್ಲ ಗುರುಶಾಂತಮ್ಮನವರ ಮುಖಕ್ಕೆ ಸಮಾಧಾನ ಬರುತ್ತದೆ ಎಂದುಕೊಂಡೆವು. ಬಂದದ್ದು ಬೇರೆ. ತಮ್ಮ ಮೇಲಿದ್ದ ಸಿಟ್ಟನ್ನೂ ಈಗ ಅವರು ಅದರ ನಿಜವಾದ ವಾರಸುದಾರರ ಹೆಸರಿಗೆ ವರ್ಗಾಯಿಸುತ್ತಿದ್ದರು.

"ಡೀಸೆಲ್ ಅದೆ ಅಂತ ನಾನು ದೂರ್ ಕೊಟ್ರೆ, ಬೇಳೆ ಬೇಯ್ತದಾ ಅಂತ ನೋಡವ್ರಾ?" ಎಂದರು.

ಆಶಾರಾಣಿ ಬರೆಯುವ ಪುಸ್ತಕ ತೆಗೆದಳು. ಅವಳ ಸಂಬಳವೂ ಸುತ್ತಿ ಬಳಸಿ ಅದೇ ಕಂಪನಿಯಿಂದಲೇ ಬರುವುದು. ಆದರೂ ಕಂಡದ್ದನ್ನು ಕಂಡಹಾಗೆ ಬರೆದಳು. ಈಗಿನ ಕಾಲಕ್ಕೆ ಅದನ್ನೇ ಪುಣ್ಯವೆಂದುಕೊಳ್ಳಬೇಕು.

ಬಂಕಿನ ಅಂಗಳ ಅಗೆದರು. ಟ್ಯಾಂಕಿನ ತಳದ ಬೆಸುಗೆ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಕಪ್ಪು ಮಣ್ಣನ್ನು ಲಾರಿಗಟ್ಟಲೆ ತುಂಬಿ, ಟಾರ್ಪಾಲು ಮುಚ್ಚಿ ಎಲ್ಲಿಗೋ ಸಾಗಿಸಿದರು. ಟ್ಯಾಂಕು ಹಳೆಯ ಡೀಲರ್ ಹಾಕಿಸಿದ್ದು, ನನಗೇನು ಗೊತ್ತು ಎಂದು ಸೋಮಶೇಖರ್ ಬಂದವರಿಗೆಲ್ಲ ಹೇಳಿದ. ಹಳೆಯ ಡೀಲರ್ ಅವನ ತಂದೆ. ಬಸ್ ತಂಗುದಾಣದ ಮೇಲೆ ಹೆಸರಿರುವವರು.

ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು, ಈ ನೀರನ್ನು ಬಳಸಬಾರದು ಎಂದು ಕೆಂಪಕ್ಷರದ ಬೋರ್ಡು ನೆಟ್ಟರು. ಎಷ್ಟು ಕಾಲ ಎಂದು ಗುರುಶಾಂತಮ್ಮ ಕೇಳಿದಾಗ ಆಶಾರಾಣಿ, ಎಣ್ಣೆ ಹೀರಿ ತೆಗೆದರೂ ಮಣ್ಣು ತಿಳಿಯಾಗಲು ವರ್ಷಗಳೇ ಬೇಕು ಎಂದಳು. ಗುರುಶಾಂತಮ್ಮನವರ ವಯಸ್ಸನ್ನು ನೋಡಿಕೊಂಡು, ಎಷ್ಟು ವರ್ಷ ಎಂದು ಮಾತ್ರ ಹೇಳಲಿಲ್ಲ. ಇನ್ನು ಮೇಲೆ ಕಂಪನಿಯ ಖರ್ಚಿನಲ್ಲಿ ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತದೆ ಎಂದಾಯಿತು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ.

ಕೊನೆಗೂ ನಿನ್ನ ಮಾತೇ ಗೆದ್ದಿತಲ್ಲ ಅತ್ತಿಗೆ ಎಂದು ನಂಜಣ್ಣ ಅಭಿನಂದಿಸಲು ಬಂದ. ನನಗೆ ಮೊದಲೇ ಅನುಮಾನವಿತ್ತು ಎಂದು ಕಂಠಪ್ಪ. ಈಗ ಲೆಕ್ಕ ಹಾಕಿದರೆ ನಮ್ಮೂರಿನಲ್ಲಿ ಮೊದಲೇ ಅನುಮಾನವಿಲ್ಲದವರು ಯಾರೂ ಸಿಗುವುದಿಲ್ಲ. ಮೊದಲು ಸುಳ್ಳಿ ಎಂದಾಗ ಗುರುಶಾಂತಮ್ಮ ಮಾತಾಡಿ ಮಾತಾಡಿ ಸೋತಿದ್ದರು. ಈಗ ನಿಜ ಎಂದಾಗ ಮಾತಾಡುವುದಕ್ಕೆ ಬಾವಿ ಇರಲಿಲ್ಲ.

ಒಂದು ಮಧ್ಯಾಹ್ನ ಸೋಮಶೇಖರ್ ಬಂದ. ಬಂಕು ಮುಚ್ಚಿತ್ತು. ಅದನ್ನು ಮತ್ತೆ ತೆರೆಯಬೇಕಾದರೆ ಬಾವಿಯವರ ತಕರಾರು ಇರಬಾರದಂತೆ. ಕಿತ್ತಳೆಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಬಿಟ್ಟು ಕೂತ. ಬಿಸಿಲು ರಣಗುಟ್ಟುತ್ತಿತ್ತು. ದೊಡ್ಡವ್ವ ಎಂದ, ನೀನೂ ಬೇರೆಯವಳಲ್ಲ ಎಂದ, ಹಳೆಯದನ್ನೆಲ್ಲ ಕೆದಕಿದರೆ ಯಾರಿಗೆ ಒಳ್ಳೆಯದು ಎಂದ. ಗುರುಶಾಂತಮ್ಮ ಹೊಸ್ತಿಲ ಒಳಗೆ ನಿಂತೇ ಕೇಳಿಸಿಕೊಂಡರು. ಒಬ್ಬನೇ ಮಾತಾಡಿ ಮಾತಾಡಿ ಅವನ ಗಂಟಲು ಒಣಗಿತು. ಎದುರು ಮನೆಯ ಜಗಲಿಯಲ್ಲಿದ್ದ ನಮಗೂ ಅದು ಕೇಳಿಸಿತು.

"ಒಸಿ ಕುಡಿಯಕ್ಕೆ ನೀರ್ ಕೊಡವ್ವ."

ಗುರುಶಾಂತಮ್ಮನವರ ಕೈ ಅಭ್ಯಾಸಬಲದಿಂದ ಒಳಗಿನ ಚೊಂಬಿನ ಕಡೆಗೆ ಹೋದದ್ದು ಕಂಡಿತು. ಹೋದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು.

"ನೀರ್ ಇಲ್ಲ ಕಣ್ಲಾ," ಎಂದರು. "ಟ್ಯಾಂಕರ್ ನಾಳೆ ಬತ್ತದೆ. ನಾಳೆ ಬಾ."